ಉಪ್ಪು ಬಿಟ್ಟ ವಾರದಲ್ಲಿ ಇಳಿದ ಆ ಎರಡು ಕಿಲೋ ಏನು?

ಊಟದಲ್ಲಿ ಉಪ್ಪು ತೀರಾ ಕಡಿಮೆ ಮಾಡಿದ ಮೊದಲ ವಾರವೇ ಎರಡು ಕಿಲೋ ಇಳಿದೆ, ಆಮೇಲೆ ಒಂದು ಮದುವೆ ಊಟ ಮಾಡಿ ಬಂದ ಮರುದಿನ ಬೆಳಿಗ್ಗೆ ಒಂದೂವರೆ ಕಿಲೋ ವಾಪಸ್ ಬಂತು ಎಂದು ಬರೆದಿದ್ದೀರಿ. ಹಾಗಾದರೆ ದಪ್ಪ ಆಗಲು ಉಪ್ಪೇ ಕಾರಣವೇ, ಪೂರ್ತಿ ಬಿಟ್ಟುಬಿಡಲೇ ಎಂಬುದು ನಿಮ್ಮ ಪ್ರಶ್ನೆ. ಪೂರ್ತಿ ಬಿಡಬೇಡಿ. ಇಳಿದದ್ದೂ ಏರಿದ್ದೂ ಬಹುಪಾಲು ನೀರು. ಆದರೆ ಉಪ್ಪಿಗೂ ಮೈ ಬರುವುದಕ್ಕೂ ಸಂಬಂಧವೇ ಇಲ್ಲ ಎಂದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಆ ಸಂಬಂಧ ಇರುವುದು ಬೇರೆ ದಾರಿಯಲ್ಲಿ.

ಮೊದಲು ಲೆಕ್ಕ ನೋಡಿ. ಉಪ್ಪಿನಲ್ಲಿ ಕ್ಯಾಲೊರಿ ಸೊನ್ನೆ. ಒಂದು ಕಿಲೋ ಮೈಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ಎರಡು ಕಿಲೋಗೆ 15,400, ಅಂದರೆ ಏಳು ದಿನ ದಿನಕ್ಕೆ 2,200. ಕುಳಿತು ಕೆಲಸ ಮಾಡುವವರು ಇಡೀ ದಿನದಲ್ಲಿ ಖರ್ಚು ಮಾಡುವುದೇ ಹೆಚ್ಚುಕಡಿಮೆ ಅಷ್ಟು. ವಾರವಿಡೀ ಉಪವಾಸ ಇದ್ದರೆ ಮಾತ್ರ ಆಗುವ ಕೆಲಸ ಅದು. ಮದುವೆ ಊಟದ ಕಡೆಯಿಂದ ನೋಡಿದರೂ ಅಷ್ಟೇ: ಒಂದೂವರೆ ಕಿಲೋ ಕೊಬ್ಬು ಒಂದೇ ದಿನದಲ್ಲಿ ಸೇರಲು, ದಿನದ ಖರ್ಚಿನ ಮೇಲೆ ಇನ್ನೂ 11,500 ಕ್ಯಾಲೊರಿ ಹೋಗಬೇಕು. ಎಷ್ಟು ಹೋಳಿಗೆ ತಿಂದರೂ ಅಲ್ಲಿಗೆ ಮುಟ್ಟುವುದಿಲ್ಲ.

ನೀರಿನ ಲೆಕ್ಕ ಮಾತ್ರ ಸರಿಯಾಗಿ ಕೂಡುತ್ತದೆ. ರಕ್ತದಲ್ಲಿ, ಜೀವಕೋಶಗಳ ಹೊರಗಿನ ದ್ರವದಲ್ಲಿ ಸೋಡಿಯಂ ಲೀಟರಿಗೆ 140 ಮಿಲಿಮೋಲ್ (ಲ್ಯಾಬಿನ ಅಳತೆ, 17 ಮಿಲಿಮೋಲ್ ಸೋಡಿಯಂ ಅಂದರೆ ಸುಮಾರು ಒಂದು ಗ್ರಾಂ ಉಪ್ಪು) ಆಸುಪಾಸಿನಲ್ಲೇ ಇರಬೇಕು. ದೇಹ ಇದರಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುವುದೂ ದೇಹದ ದ್ರವಕ್ಕೆ ಹೊಂದಲಿ ಎಂದೇ. ಆದ್ದರಿಂದ ಮೂತ್ರಪಿಂಡ ಹೊರಹಾಕದೆ ಉಳಿದ ಪ್ರತಿ 9 ಗ್ರಾಂ ಉಪ್ಪು ಸುಮಾರು ಒಂದು ಲೀಟರ್ ನೀರನ್ನು, ಅಂದರೆ ಒಂದು ಕಿಲೋ ತೂಕವನ್ನು, ತನ್ನ ಜೊತೆ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಏಕಾಏಕಿ ಹೆಚ್ಚಾದರೆ ಮೂತ್ರಪಿಂಡ ಅದೇ ದಿನ ಎಲ್ಲವನ್ನೂ ಹೊರಹಾಕುವುದಿಲ್ಲ. ಮೂತ್ರಪಿಂಡ ಉಪ್ಪನ್ನು ಉಳಿಸಿಕೊಳ್ಳುವಂತೆ ಮಾಡುವ ಆಲ್ಡೋಸ್ಟೆರಾನ್ ಹಾರ್ಮೋನ್ ಇಳಿದು ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ಮೂರ್ನಾಲ್ಕು ದಿನ ಬೇಕು. ಕಡಿಮೆ ಮಾಡಿದಾಗ ಇದೇ ಆಟ ತಿರುಗುಮುರುಗಾಗುತ್ತದೆ. ದಿನಕ್ಕೆ 10 ಗ್ರಾಂ ತಿನ್ನುತ್ತಿದ್ದವರು 5 ಗ್ರಾಂಗೆ ಇಳಿದರೆ ಮೊದಲ ವಾರದಲ್ಲಿ ಒಂದು ಕಿಲೋ ಆಸುಪಾಸು ನೀರು ಹೋಗಬಹುದು. ಆಮೇಲೆ ಉಪ್ಪಿನಿಂದ ಇಳಿಯುವಂಥದ್ದು ಏನೂ ಉಳಿದಿರುವುದಿಲ್ಲ, ತೂಕ ಅಲ್ಲೇ ನಿಲ್ಲುತ್ತದೆ. ಎರಡನೇ ವಾರಕ್ಕೇ ಬೇಸತ್ತು ಬಿಡುವವರು ಬಹಳ ಮಂದಿ ಇರುವುದು ಇದರಿಂದಲೇ.

ಉಳಿದ ಭಾಗ ಅನ್ನ, ಸಿಹಿಯದು. ಪಿಷ್ಟ ದೇಹದಲ್ಲಿ ಗ್ಲೈಕೋಜನ್ ಆಗಿ ಶೇಖರವಾಗುವಾಗ ಪ್ರತಿ ಗ್ರಾಮಿಗೆ ಸುಮಾರು 3 ಗ್ರಾಂ ನೀರು ಸೇರುತ್ತದೆ. ಉಪ್ಪು ಬಿಟ್ಟ ವಾರದಲ್ಲಿ ರುಚಿ ಇಲ್ಲವೆಂದು ಅನ್ನವನ್ನೂ ಕಡಿಮೆ ತಿಂದಿದ್ದರೆ ಆ ನೀರೂ ಹೋಗಿರುತ್ತದೆ. ಮದುವೆಯಲ್ಲಿ ಚಿತ್ರಾನ್ನ, ಬಿಸಿಬೇಳೆಬಾತ್, ಎರಡು ಸಿಹಿ ಆದ ಮೇಲೆ ಅದೆಲ್ಲ ವಾಪಸ್ ಬರುತ್ತದೆ, ಜೊತೆಗೆ ಹೊಟ್ಟೆ, ಕರುಳಿನಲ್ಲಿ ಇನ್ನೂ ಇರುವ ಊಟದ ತೂಕ. ಮೂರು ನಾಲ್ಕು ದಿನ ಮಾಮೂಲಿ ಊಟ ಮಾಡಿದರೆ ಬಹುಪಾಲು ತಾನಾಗಿ ಇಳಿಯುತ್ತದೆ. ಇದಕ್ಕಾಗಿ ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ, ಮೂತ್ರ ಹೋಗಿಸುವ ಮಾತ್ರೆಯನ್ನು ಯಾರದೋ ಮಾತು ಕೇಳಿ ನುಂಗಬೇಡಿ. ಆ ಮಾತ್ರೆಯಿಂದ ಸೋಡಿಯಂ, ಪೊಟ್ಯಾಸಿಯಂ ಎರಡೂ ಅಪಾಯದ ಮಟ್ಟಕ್ಕೆ ಇಳಿಯಬಹುದು, ಕೊಬ್ಬು ಮಾತ್ರ ಒಂದು ಗ್ರಾಂ ಕೂಡ ಕರಗುವುದಿಲ್ಲ.

ಈಗ ನಿಜವಾದ ಕೊಬ್ಬಿನ ವಿಷಯ. ಬ್ರಿಟನ್ನಿನ ರಾಷ್ಟ್ರೀಯ ಆಹಾರ ಸಮೀಕ್ಷೆಯ ಅಂಕಿಅಂಶಗಳನ್ನು ಆಧರಿಸಿ 2015ರಲ್ಲಿ ಒಂದು ಅಧ್ಯಯನ ಬಂತು. ದಿನಕ್ಕೆ ಒಂದು ಗ್ರಾಂ ಉಪ್ಪು ಹೆಚ್ಚಾದಂತೆ ಬೊಜ್ಜಿನ ಸಾಧ್ಯತೆ ಮಕ್ಕಳಲ್ಲಿ ಶೇ 28, ದೊಡ್ಡವರಲ್ಲಿ ಶೇ 26 ಹೆಚ್ಚು ಕಂಡಿತು, ತಿನ್ನುವ ಕ್ಯಾಲೊರಿಯನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೂ. ಸುದ್ದಿಗಳಲ್ಲಿ ಬರುವ ‘ಉಪ್ಪಿನಿಂದ ಬೊಜ್ಜು’ ಎಂಬ ಶೀರ್ಷಿಕೆಯ ಹಿಂದೆ ಇಂಥ ಅಧ್ಯಯನ ಇರುತ್ತದೆ. ನನ್ನ ತಕರಾರು ಆ ಸರಿದೂಗಿಸುವುದರ ಮೇಲೆ. ಉಪ್ಪನ್ನು 24 ಗಂಟೆಯ ಮೂತ್ರದಿಂದ ಅಳೆದಿದ್ದರು, ಅದು ನಂಬಬಹುದಾದ ಅಳತೆ. ಕ್ಯಾಲೊರಿಯನ್ನು ಮಾತ್ರ ಜನ ಬರೆದುಕೊಟ್ಟ ಊಟದ ದಿನಚರಿಯಿಂದ ತೆಗೆದದ್ದು. ತಿಂದದ್ದನ್ನು ಎಲ್ಲರೂ ಕಡಿಮೆ ಬರೆಯುತ್ತಾರೆ, ತೂಕ ಹೆಚ್ಚಿರುವವರು ಇನ್ನೂ ಕಡಿಮೆ ಬರೆಯುತ್ತಾರೆ. ಹೆಚ್ಚು ಉಂಡವರ ಹೊಟ್ಟೆಗೆ ಹೆಚ್ಚು ಉಪ್ಪು ಹೋಗುವುದು ಸಹಜ. ಹಾಗಾಗಿ ಮೂತ್ರದ ಉಪ್ಪು ಸ್ವಲ್ಪ ಮಟ್ಟಿಗೆ ಅವರು ಬರೆಯದೆ ಬಿಟ್ಟ ಊಟದ ಅಳತೆಯೂ ಆಗಿರಬಹುದು.

ಉಪ್ಪು ಬಾಯಾರಿಸಿ ಸಿಹಿ ಪಾನೀಯ ಕುಡಿಸುತ್ತದೆ ಎಂಬ ವಾದ ಇನ್ನೊಂದು. 2008ರಲ್ಲಿ ಬ್ರಿಟಿಷ್ ಮಕ್ಕಳ ಅಂಕಿಅಂಶದಲ್ಲಿ, ದಿನಕ್ಕೆ ಒಂದು ಗ್ರಾಂ ಉಪ್ಪು ಹೆಚ್ಚು ತಿನ್ನುವವರು ಸುಮಾರು 100 ಗ್ರಾಂ ದ್ರವ ಹೆಚ್ಚು ಕುಡಿಯುತ್ತಾರೆ, ಅದರಲ್ಲಿ 27 ಗ್ರಾಂ ಸಕ್ಕರೆಯ ತಂಪು ಪಾನೀಯ ಎಂದು ಕಂಡಿತ್ತು. ಆದರೆ ಮಾಸ್ಕೋದಲ್ಲಿ ಮಂಗಳಯಾನದ ತಾಲೀಮಿಗಾಗಿ ತಿಂಗಳುಗಟ್ಟಲೆ ಒಳಗೆ ಕೂಡಿಹಾಕಿದ್ದ ಗಂಡಸರಿಗೆ ದಿನಕ್ಕೆ 12, 9, 6 ಗ್ರಾಂ ಎಂದು ಉಪ್ಪು ಬದಲಿಸಿ ಕೊಟ್ಟು ನೋಡಿದಾಗ, 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಉಪ್ಪು ಹೆಚ್ಚಿದ ವಾರಗಳಲ್ಲಿ ಅವರು ನೀರು ಕುಡಿದದ್ದು ಕಡಿಮೆ. ಮೂತ್ರಪಿಂಡವೇ ನೀರನ್ನು ಉಳಿಸಿಕೊಂಡಿತ್ತು. ಉಪ್ಪಿನ ತಿಂಡಿ ತಿಂದ ತಕ್ಷಣ ಬಾಯಾರುವುದು ನಿಜ. ಆ ಹೊತ್ತಿಗೆ ಕೈಗೆ ನೀರು ಸಿಗುತ್ತದೋ ಕೋಲಾ ಸಿಗುತ್ತದೋ ಎಂಬುದರ ಮೇಲೆ ಮುಂದಿನದು ನಿಂತಿದೆ.

ನನಗೆ ಹೆಚ್ಚು ಬಲವಾಗಿ ಕಾಣುವುದು ಮೂರನೆಯ ದಾರಿ: ಉಪ್ಪು ಹೆಚ್ಚು ತಿನ್ನಿಸುತ್ತದೆ. ಆಸ್ಟ್ರೇಲಿಯಾದಲ್ಲಿ 48 ಜನರಿಗೆ ಒಂದೇ ಬಗೆಯ ಪಾಸ್ತಾ ಊಟವನ್ನು ಉಪ್ಪು, ಕೊಬ್ಬು ಮಾತ್ರ ಬದಲಿಸಿ ಬೇರೆ ಬೇರೆ ದಿನ ಬಡಿಸಿದರು. 2016ರ ಆ ವರದಿಯಂತೆ ಉಪ್ಪು ಇದ್ದಾಗ ತಿಂದ ಪ್ರಮಾಣ ಶೇ 11 ಹೆಚ್ಚಿತು. ಉಪ್ಪು ಹಾಕದ ಕಡ್ಲೆಕಾಯಿ ಬೀಜವನ್ನು ಒಂದು ಹಿಡಿ ತಿಂದು ನಿಲ್ಲಿಸುವುದು ಸುಲಭ. ಎಣ್ಣೆಯಲ್ಲಿ ಕರಿದು ಉಪ್ಪು ಖಾರ ಹಚ್ಚಿದ್ದರೆ ಪೊಟ್ಟಣ ಮುಗಿಯುವವರೆಗೆ ಕೈ ಹೋಗುತ್ತದೆ. ಖಾರದ ಮಿಕ್ಸ್ಚರ್ 100 ಗ್ರಾಮಿಗೆ 500 ಕ್ಯಾಲೊರಿ ದಾಟುತ್ತದೆ. ಸಂಜೆ ಕಾಫಿ ಜೊತೆ ದಿನಾ 50 ಗ್ರಾಂ ಅಂದರೆ ತಿಂಗಳಿಗೆ 7,500ಕ್ಕಿಂತ ಹೆಚ್ಚು. ಅದಕ್ಕೆ ಬದಲಾಗಿ ರಾತ್ರಿ ಊಟ ಕಡಿಮೆ ಮಾಡದಿದ್ದರೆ ಕೊಬ್ಬು ಬರುವುದು ಅಲ್ಲಿಂದ. ಅಲ್ಲೂ ಉಪ್ಪೊಂದೇ ಅಪರಾಧಿ ಎನ್ನಲಾಗದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ 2019ರ ಪ್ರಯೋಗದಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಬಡಿಸಿದ ಸೋಡಿಯಂ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ಆದರೂ ಸಿದ್ಧ ಆಹಾರದ ಎರಡು ವಾರ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದು 0.9 ಕಿಲೋ ಏರಿದರು. ಆದ್ದರಿಂದ ತೂಕದ ದೃಷ್ಟಿಯಿಂದ ಸಾರಿನ ಉಪ್ಪಿಗಿಂತ ಪೊಟ್ಟಣದ ಉಪ್ಪಿನ ಮೇಲೆ ಕಣ್ಣಿಡಿ. ಸಾರಿನ ಉಪ್ಪು ಕಡಿಮೆ ಮಾಡಬೇಕಾದದ್ದು ರಕ್ತದೊತ್ತಡಕ್ಕಾಗಿ, ಆ ಕಾರಣ ತಾನೇ ಸಾಕಷ್ಟು ದೊಡ್ಡದು.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಸೋಡಿಯಂ ಲೆಕ್ಕದಲ್ಲಿ 2,000 ಮಿಲಿಗ್ರಾಂ. ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ಕಾಣುವುದು 8ರಿಂದ 11 ಗ್ರಾಂ. ನಿಮ್ಮ ಮನೆಯದು ಎಷ್ಟು ಎಂದು ತಿಳಿಯಲು ಉಪ್ಪಿನ ಪ್ಯಾಕೆಟ್ ಸಾಕು. ಹೊಸದನ್ನು ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ 30 ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ 8.3 ಗ್ರಾಂ. ತರಕಾರಿ ತೊಳೆಯಲು, ಉಪ್ಪಿನಕಾಯಿ ಹಾಕಲು ಹೋದದ್ದನ್ನು ಬೇರೆ ಇಡಿ, ಹೊರಗಿನ ತಿಂಡಿಯದು ಇದರ ಮೇಲೆ ಸೇರುತ್ತದೆ ಎಂಬುದನ್ನು ಮರೆಯಬೇಡಿ. 5 ಗ್ರಾಮಿನ ಮಿತಿಯಲ್ಲಿ ಅದೇ ಮನೆಗೆ ತಿಂಗಳಿಗೆ 600 ಗ್ರಾಂ, ಹೊರಗಿನದೂ ಸೇರಿ.

ಇಳಿಸುವಾಗ ಒಂದೇ ದಿನ ಅರ್ಧ ಮಾಡಿದರೆ ಮನೆಯವರೆಲ್ಲ ಸಪ್ಪೆ ಎಂದು ಮೇಲುಪ್ಪು ಹಾಕಿಕೊಳ್ಳುತ್ತಾರೆ, ಲೆಕ್ಕ ಮೊದಲಿಗಿಂತ ಕೆಡುತ್ತದೆ. ದಿನದ ಉಪ್ಪನ್ನು ಬೆಳಿಗ್ಗೆಯೇ ಅಳೆದು ಪುಟ್ಟ ಡಬ್ಬಿಗೆ ಹಾಕಿ, ಅಡುಗೆಗೆ ಅದರಿಂದಲೇ ತೆಗೆಯಿರಿ. ಮಟ್ಟಸ ಮಾಡಿದ ಟೀ ಚಮಚದಲ್ಲಿ ಪುಡಿ ಉಪ್ಪು 5ರಿಂದ 6 ಗ್ರಾಂ ಹಿಡಿಯುತ್ತದೆ. ಎರಡು ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ತೆಗೆಯುತ್ತಾ ಹೋದರೆ ನಾಲಿಗೆ ಹೊಂದಿಕೊಳ್ಳುತ್ತದೆ. ನಿಂಬೆಹುಳಿ, ಹುಣಸೆ, ಇಂಗಿನ ಒಗ್ಗರಣೆ, ಕೊತ್ತಂಬರಿ ಸೊಪ್ಪು ಇದ್ದಲ್ಲಿ ಕೊರತೆ ಗೊತ್ತಾಗುವುದಿಲ್ಲ. ಪಲ್ಯಕ್ಕೆ ಉಪ್ಪನ್ನು ಕೊನೆಯಲ್ಲಿ ಹಾಕಿದರೆ ಮೇಲ್ಮೈಯಲ್ಲೇ ಉಳಿದು ಕಡಿಮೆಯಲ್ಲೂ ನಾಲಿಗೆಗೆ ಹತ್ತುತ್ತದೆ. ಬೇಳೆ ಬೇಯುವಾಗಲೇ ಹಾಕಿ, ಆಮೇಲೆ ಒಗ್ಗರಣೆ ಕೊಡುವಾಗ ಮತ್ತೆ ಹಾಕುವುದು ಅನೇಕರ ಅಭ್ಯಾಸ. ಅದನ್ನು ಒಂದೇ ಸಲಕ್ಕೆ ತನ್ನಿ.

ರಾಗಿಮುದ್ದೆ, ಜೋಳದ ರೊಟ್ಟಿ ಬಹಳಷ್ಟು ಮನೆಗಳಲ್ಲಿ ಉಪ್ಪಿಲ್ಲದೆ ಇಲ್ಲವೇ ಚಿಟಿಕೆ ಉಪ್ಪಿನಲ್ಲಿ ಆಗುತ್ತವೆ. ಈ ಲೆಕ್ಕದಲ್ಲಿ ಅವು ದೊಡ್ಡ ಅನುಕೂಲ. ಇಡ್ಲಿ ಹಿಟ್ಟು ಹಾಗಲ್ಲ. ಕಿಲೋ ಹಿಟ್ಟಿಗೆ 10 ಗ್ರಾಂ ಉಪ್ಪು ಹಾಕಿದ್ದರೆ 50 ಗ್ರಾಂ ಹಿಟ್ಟಿನ ಪ್ರತಿ ಇಡ್ಲಿಯಲ್ಲಿ ಅರ್ಧ ಗ್ರಾಂ. ಮೂರು ಇಡ್ಲಿ, ಚಟ್ನಿ, ಸಾಂಬಾರು ಸೇರಿದರೆ ದಿನದ ಪಾಲಿನ ಅರ್ಧದ ಹತ್ತಿರ ಬರುತ್ತದೆ. ಅಡುಗೆ ಸೋಡಾದಲ್ಲೂ ತೂಕದ ಶೇ 27 ಸೋಡಿಯಂ ಇದೆ, ಹಪ್ಪಳದ ಹಿಟ್ಟಿಗೆ ಬೀಳುವ ಪಾಪಡ್ ಖಾರದಲ್ಲೂ ಇದೆ, ಅವು ಉಪ್ಪುಪ್ಪಾಗಿ ತಿಳಿಯುವುದಿಲ್ಲ ಅಷ್ಟೇ. ಉಪ್ಪಿನಕಾಯಿ ಹಾಕುವಾಗ ಮಾತ್ರ ಉಪ್ಪು ಕಡಿಮೆ ಮಾಡಬೇಡಿ. ಅಲ್ಲಿ ಕಾಯಿ ಕೆಡದಂತೆ ಕಾಯುವುದು ಆ ಉಪ್ಪೇ. ಕಡಿಮೆಯಾದರೆ ಬೂಷ್ಟು ಹಿಡಿಯುತ್ತದೆ, ಮಿಡಿ ಮೆತ್ತಗಾಗುತ್ತದೆ. ಅಪ್ಪೆಮಿಡಿಯನ್ನು ಸರಿಯಾದ ಉಪ್ಪಿನಲ್ಲೇ ಹಾಕಿ, ಇಡೀ ಮಿಡಿಯ ಬದಲು ಅರ್ಧ ತಿನ್ನಿ, ರಸ ಸುರಿದುಕೊಳ್ಳಬೇಡಿ. ಪೊಟ್ಟಣದ ತಿಂಡಿಗೆ ಹಿಂಬದಿಯ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ: 100 ಗ್ರಾಮಿಗೆ 600 ಮಿಲಿಗ್ರಾಂ ಸೋಡಿಯಂ ಅಂದರೆ ಒಂದೂವರೆ ಗ್ರಾಂ ಉಪ್ಪು, ಅದು ಹೆಚ್ಚೇ. ಅಂಕಿ 100 ಗ್ರಾಮಿಗೋ ಒಂದು ಪಾಲಿಗೋ ಎಂದು ನೋಡಿಕೊಳ್ಳಿ, ಮೋಸ ಹೋಗುವುದು ಅಲ್ಲೇ.

ಸೈಂಧವ ಉಪ್ಪಿಗೆ ಬದಲಾದರೆ ತೂಕ ಇಳಿಯುತ್ತದೆ ಎಂಬ ಮಾತು ಕೇಳಿರುತ್ತೀರಿ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ಮೇಲಾಗಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಕಲ್ಲುಪ್ಪು ಚಮಚದಲ್ಲಿ ಕಡಿಮೆ ತೂಗುತ್ತದೆ, ಹರಳುಗಳ ನಡುವೆ ಜಾಗ ಇರುವುದರಿಂದ. ಗ್ರಾಮಿಗೆ ಗ್ರಾಂ ವ್ಯತ್ಯಾಸ ಇಲ್ಲ. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪಿಗೆ ಒಳ್ಳೆಯ ಆಧಾರ ಇದೆ: ಚೀನಾದ 600 ಹಳ್ಳಿಗಳ ಪೈಕಿ ಅರ್ಧದಲ್ಲಿ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪನ್ನು ಕೊಟ್ಟು ನೋಡಿದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪಾರ್ಶ್ವವಾಯು ಶೇ 14 ಕಡಿಮೆಯಾಯಿತು. ಇದು ತೂಕ ಇಳಿಸುವ ಉಪ್ಪಲ್ಲ. ಮೂತ್ರಪಿಂಡದ ತೊಂದರೆ ಇರುವವರು, ಸ್ಪೈರೊನೊಲ್ಯಾಕ್ಟೋನ್, ಎನಲಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿ.ಪಿ., ಹೃದಯದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಇನ್ನು ಉಪ್ಪನ್ನು ಪೂರ್ತಿ ಬಿಡುವುದು ವಯಸ್ಸಾದವರಿಗೆ, ಅದರಲ್ಲೂ ಬಿ.ಪಿ.ಗೆ ಮೂತ್ರ ಹೋಗಿಸುವ ಮಾತ್ರೆ ನುಂಗುವವರಿಗೆ, ಬಿಸಿಲಲ್ಲಿ ಬೆವರು ಸುರಿಸಿ ದುಡಿಯುವವರಿಗೆ ಅಪಾಯ. ಸೋಡಿಯಂ ಇಳಿದರೆ ತಲೆಸುತ್ತು, ಗೊಂದಲ, ಜಾಸ್ತಿಯಾದರೆ ಫಿಟ್ಸ್ ಕೂಡ.

ತೂಕ ನೋಡುವ ಕ್ರಮವನ್ನೂ ಬದಲಿಸಿ. ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲಿಟ್ಟ ಯಂತ್ರದಲ್ಲಿ ತೂಗಿ. ಏಳು ದಿನದ ಸರಾಸರಿಯನ್ನು ಹಿಂದಿನ ಏಳು ದಿನದ ಸರಾಸರಿಯೊಂದಿಗೆ ಹೋಲಿಸಿ, ಒಂದು ದಿನದ ಅಂಕಿಯನ್ನು ಬಿಟ್ಟುಬಿಡಿ. ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ನಿಲ್ಲುವುದರಿಂದ ಹೆಂಗಸರು ತಿಂಗಳಿಂದ ತಿಂಗಳಿಗೆ ಹೋಲಿಸುವುದು ಸರಿ. ಸೊಂಟದ ಸುತ್ತಳತೆ ಇಳಿಯುತ್ತಿದೆಯೇ ಎಂದೂ ನೋಡಿ. ನೀರು ಮಾತ್ರ ಹೋಗುತ್ತಿದ್ದರೆ ಅದು ಹೆಚ್ಚೇನೂ ಬದಲಾಗುವುದಿಲ್ಲ.

ನೀರು ನಿಲ್ಲುವುದೆಲ್ಲ ಊಟದ ಉಪ್ಪಿನಿಂದಲೇ ಎಂದುಕೊಳ್ಳಬೇಡಿ. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತಿ ತೆಗೆದಾಗ ಕುಳಿ ಹಾಗೆಯೇ ಉಳಿದರೆ, ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಂಡಿದ್ದರೆ, ಮಲಗಿದರೆ ಉಸಿರು ಕಟ್ಟಿದಂತಾದರೆ, ಹೃದಯದ ತೊಂದರೆ ಇರುವವರಿಗೆ ಒಂದು ದಿನದಲ್ಲಿ ಒಂದು ಕಿಲೋಗಿಂತ ಇಲ್ಲವೇ ವಾರದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಹೃದಯ, ಮೂತ್ರಪಿಂಡ, ಯಕೃತ್ತಿನ ಕಾಯಿಲೆಗಳು ಹೀಗೆಯೇ ಕಾಣಿಸಿಕೊಳ್ಳುತ್ತವೆ.

ಉಪ್ಪಿನ ನಿಖರ ಲೆಕ್ಕವೇ ಬೇಕು ಎನಿಸಿದರೆ ಲ್ಯಾಬಿನಲ್ಲಿ 24 ಗಂಟೆಯ ಮೂತ್ರದ ಸೋಡಿಯಂ ಪರೀಕ್ಷೆ ಮಾಡುತ್ತಾರೆ. ಮೊದಲ ದಿನ ಬೆಳಿಗ್ಗೆ ಎದ್ದ ಕೂಡಲಿನ ಮೂತ್ರ ಚೆಲ್ಲಿ ಸಮಯ ಬರೆದುಕೊಳ್ಳಿ. ಅಲ್ಲಿಂದ ಮರುದಿನ ಅದೇ ಹೊತ್ತಿನ ಮೂತ್ರದವರೆಗೆ ಎಲ್ಲವನ್ನೂ ಅವರು ಕೊಟ್ಟ ಕ್ಯಾನಿನಲ್ಲಿ ಹಿಡಿಯಿರಿ. ನಡುವೆ ಒಂದು ಸಲ ತಪ್ಪಿದರೂ ಫಲಿತಾಂಶ ಕೆಲಸಕ್ಕೆ ಬಾರದು, ಹಾಗಾಗಿ ಮನೆಯಲ್ಲೇ ಇರುವ ದಿನ, ಎಂದಿನ ಊಟ ಮಾಡುವ ದಿನ ಆರಿಸಿಕೊಳ್ಳಿ. ಬಂದ ಮಿಲಿಮೋಲ್ ಅಂಕಿಯನ್ನು 17ರಿಂದ ಭಾಗಿಸಿದರೆ ಗ್ರಾಂ ಲೆಕ್ಕದಲ್ಲಿ ಉಪ್ಪು, ಬೆವರಿನಲ್ಲಿ ಮತ್ತು ಮಲದಲ್ಲಿ ಹೋದದ್ದಕ್ಕೆ ಹತ್ತನೇ ಒಂದು ಪಾಲು ಮೇಲೆ ಸೇರಿಸಿ. 150 ಬಂದಿದ್ದರೆ ನೀವು ತಿನ್ನುತ್ತಿರುವುದು ಹತ್ತಿರ ಹತ್ತಿರ 10 ಗ್ರಾಂ.