ಕ್ಯಾರವಾನ್ ಮಾಡಿಸಲು ಸಣ್ಣ ವರ್ಕ್‌ಶಾಪ್ ಒಳ್ಳೆಯದಾ, ದೊಡ್ಡ ಕಂಪನಿಯಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಟಿಟಿ (ಟೆಂಪೊ ಟ್ರಾವೆಲರ್ ವ್ಯಾನ್) ಮೇಲೆ ನಾಲ್ಕು ಜನಕ್ಕೆ ಕ್ಯಾರವಾನ್, ಅಂದರೆ ಒಳಗೆ ಮಲಗಲು, ಅಡುಗೆ ಮಾಡಲು ಜಾಗ ಇರುವ ಗಾಡಿ ಬೇಕು. ಪೀಣ್ಯ ಕಡೆಯ ಒಂದು ಸಣ್ಣ ವರ್ಕ್‌ಶಾಪ್ ಕಮ್ಮಿ ರೇಟಿಗೆ, ನೀವು ಹೇಳಿದ ಹಾಗೆ ಕಟ್ಟಿಕೊಡುತ್ತೇವೆ ಎಂದಿದೆ. ಹೊರರಾಜ್ಯದ ದೊಡ್ಡ ಕಂಪನಿ ಜಾಸ್ತಿ ಕೇಳುತ್ತಿದೆ, ಡಿಸೈನ್ ಬದಲಾಯಿಸಲೂ ಒಪ್ಪುತ್ತಿಲ್ಲ. ಯಾರಿಗೆ ಕೊಡಬೇಕು?

ನಾನು ಬೆಂಗಳೂರಿನಲ್ಲಿ ಗಾಡಿಗಳ ಬಾಡಿ ಕಟ್ಟುವ ಕೆಲಸದಲ್ಲಿದ್ದೇನೆ. ಮೊದಲು ದೊಡ್ಡ ಕಡೆ ಇದ್ದೆ, ಈಗ ಸಣ್ಣ ಕಡೆ. ನೇರವಾಗಿ ಹೇಳುತ್ತೇನೆ. ಆ ವರ್ಕ್‌ಶಾಪಿಗೆ ನಿಮ್ಮ ಗಾಡಿಯ ಮಾಡೆಲ್ ಮೇಲೆ ಕ್ಯಾರವಾನ್ ಕಟ್ಟಲು ಅಪ್ರೂವಲ್ ಇದ್ದರೆ ಅವರಿಗೇ ಕೊಡಿ. ಇಲ್ಲದಿದ್ದರೆ ಅರ್ಧ ರೇಟಿಗೆ ಮಾಡಿಕೊಟ್ಟರೂ ಬೇಡ.

ಅಪ್ರೂವಲ್ ಬಗ್ಗೆ ಯಾಕೆ ಇಷ್ಟು ಹಟ ಅಂದರೆ, ನಮ್ಮಲ್ಲಿ ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಅಂತ ಪ್ರತ್ಯೇಕ ಮಾನದಂಡ ಇದೆ. ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್ ಥರದ ಸಂಸ್ಥೆಗಳು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತವೆ. ಆಮೇಲೆ ಆರ್‌ಸಿಯಲ್ಲಿ ಮೋಟಾರ್ ಕ್ಯಾರವಾನ್ ಎಂದೇ ಬರಬೇಕು. ಪ್ಯಾಸೆಂಜರ್ ಗಾಡಿ ತಂದು, ಸೀಟು ಕಿತ್ತು, ಮಂಚ ಅಡುಗೆಮನೆ ಕೂರಿಸಿ, ಹಳೇ ಆರ್‌ಸಿಯಲ್ಲೇ ಓಡಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಪೊಲೀಸರು ಹಿಡಿಯುವುದು ಸಣ್ಣ ವಿಷಯ. ಆ್ಯಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನವರು ಬಂದು ಒಳಗೆ ನೋಡಿ, ಆರ್‌ಸಿ ನೋಡಿ, ಕ್ಲೇಮ್ ತಳ್ಳಿಹಾಕಿದರೆ ನಿಮ್ಮ ಜೊತೆ ನಿಲ್ಲಲು ಯಾರೂ ಇರುವುದಿಲ್ಲ. ‘ಆರ್‌ಟಿಒ ನಾವು ನೋಡಿಕೊಳ್ಳುತ್ತೇವೆ ಸರ್’ ಎಂಬ ಮಾತಿಗೆ ಬೆಲೆ ಇಲ್ಲ. ಸರ್ಟಿಫಿಕೇಟಿನ ಪ್ರತಿ ಕೇಳಿ. ಅದರಲ್ಲಿ ನಿಮ್ಮದೇ ಚಾಸಿ (ಬಾಡಿ ಕೂರುವ ತಳದ ಚೌಕಟ್ಟು), ನಿಮ್ಮದೇ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಇದೆಯಾ ನೋಡಿ.

ಸಣ್ಣವರ ಹತ್ತಿರ ಇದೆಲ್ಲ ಇರುವುದಿಲ್ಲ ಎಂದುಕೊಳ್ಳಬೇಡಿ. 2022ರಲ್ಲಿ ಮಹೀಂದ್ರ ಬೊಲೆರೊ ಕ್ಯಾಂಪರ್ ಮೇಲೆ ಕ್ಯಾರವಾನ್ ತರಲು ಒಪ್ಪಂದ ಮಾಡಿಕೊಂಡಿದ್ದು ನಮ್ಮ ಬೆಂಗಳೂರಿನ ಕ್ಯಾಂಪರ್‌ವ್ಯಾನ್ ಫ್ಯಾಕ್ಟರಿ ಜೊತೆ. ಅದು ಐಐಟಿ ಮದ್ರಾಸ್‌ನ ಬೆಂಬಲದಲ್ಲಿ ಬೆಳೆದ ಚಿಕ್ಕ ಕಂಪನಿ. ಇನ್ನೊಂದು ಕಡೆ, ದೊಡ್ಡ ಬಾಡಿ ಬಿಲ್ಡರ್‌ಗಳ ಮುಖ್ಯ ವ್ಯಾಪಾರ ಬಸ್ಸು, ಆ್ಯಂಬುಲೆನ್ಸ್, ಸ್ಕೂಲ್ ವ್ಯಾನ್. ಕ್ಯಾರವಾನ್ ಅಲ್ಲೂ ಒಂದೊಂದಾಗಿ ಕೈಯಲ್ಲೇ ಆಗುವುದು. ಹೆಸರು ದೊಡ್ಡದು ಅಂದ ಮಾತ್ರಕ್ಕೆ ಕಾರ್ ಫ್ಯಾಕ್ಟರಿ ಥರ ಸಾಲಾಗಿ ಗಾಡಿ ಇಳಿದು ಬರುತ್ತದೆ ಎಂದು ನಂಬಬೇಡಿ.

ನಿಜವಾದ ವ್ಯತ್ಯಾಸ ಕಾಣುವುದು ತೂಕದಲ್ಲಿ. ಇದನ್ನು ಗ್ರಾಹಕರು ಕೇಳುವುದೇ ಇಲ್ಲ. 18 ಎಂಎಂ ಪ್ಲೈವುಡ್, 8x4 ಅಡಿ ಶೀಟ್ ಒಂದೇ ಸುಮಾರು 35 ಕಿಲೋ. ಮನೆ ಇಂಟೀರಿಯರ್ ಮಾಡುವ ಬಡಗಿಯನ್ನು ಕರೆಸಿದರೆ ಅವರು ಅದರಲ್ಲೇ ಕಬೋರ್ಡು, ಮಂಚ ಎಲ್ಲ ಮಾಡುತ್ತಾರೆ, ಹತ್ತು ಶೀಟಿಗೆ 350 ಕಿಲೋ ಹೋಯಿತು. 100 ಲೀಟರ್ ನೀರು ಅಂದರೆ 100 ಕಿಲೋ. ಇನ್ವರ್ಟರ್‌ಗೆ ಹಾಕುವ ದೊಡ್ಡ ಟ್ಯೂಬುಲರ್ ಬ್ಯಾಟರಿ 50 ಕಿಲೋ ದಾಟುತ್ತದೆ. 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮಾರು 12 ಕಿಲೋ ಅಷ್ಟೇ. ಇದರ ಮೇಲೆ ಎಸಿ, ಫ್ರಿಜ್, ನಾಲ್ಕು ಜನ, ಲಗೇಜು. ಎಲ್ಲ ಸೇರಿ ಆರ್‌ಸಿಯಲ್ಲಿರುವ ಒಟ್ಟು ತೂಕದ ಒಳಗೇ ಇರಬೇಕು. ತೂಕ ಎಲ್ಲಿ ಕೂತಿದೆ ಎನ್ನುವುದೂ ಅಷ್ಟೇ ಮುಖ್ಯ. ನೀರಿನ ಟ್ಯಾಂಕ್, ಬ್ಯಾಟರಿ ಎರಡನ್ನೂ ಹಿಂದಿನ ಆ್ಯಕ್ಸಲ್‌ಗಿಂತ (ಚಕ್ರಗಳನ್ನು ಜೋಡಿಸುವ ದಂಡ) ಹಿಂದೆ ಇಟ್ಟರೆ ಮುಂದಿನ ಚಕ್ರದ ಮೇಲಿನ ಭಾರ ಕಮ್ಮಿಯಾಗಿ ಸ್ಟೀರಿಂಗ್ ಹಗುರವಾಗಿ ಹಿಡಿತ ತಪ್ಪುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮಳೆ ಬರುವಾಗ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದೀರಿ, ಅಲ್ಲಿ ಇದು ಜೀವದ ಪ್ರಶ್ನೆ. ಹಾಗಾಗಿ ಇಬ್ಬರನ್ನೂ ಒಂದೇ ಮಾತು ಕೇಳಿ: ಟ್ಯಾಂಕ್ ತುಂಬಿದಾಗ ಮುಂದಿನ ಆ್ಯಕ್ಸಲ್ ಮೇಲೆ ಎಷ್ಟು, ಹಿಂದೆ ಎಷ್ಟು? ಲೆಕ್ಕ ಬರೆದು ಕೊಡುವವರು ಕೆಲಸ ಗೊತ್ತಿರುವವರು. ‘ಅದೆಲ್ಲ ಏನೂ ಆಗಲ್ಲ ಸರ್’ ಎನ್ನುವವರ ಹತ್ತಿರ ಮಾತು ಮುಂದುವರಿಸಬೇಡಿ.

ಆಮೇಲೆ ವೈರಿಂಗ್. 12 ವೋಲ್ಟ್‌ನಲ್ಲಿ 1,000 ವ್ಯಾಟ್ ಇಂಡಕ್ಷನ್ ಒಲೆ ಹಚ್ಚಿದರೆ ಬ್ಯಾಟರಿಯಿಂದ 80 ಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ. ಮನೆಗೆ ಎಳೆಯುವ 2.5 ಎಂಎಂ ವೈರು ಅಲ್ಲಿ ಕಾದು ಕರಗುತ್ತದೆ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಬೇಕು, ವೈರು ಗಾಡಿಯ ಲೋಹ ದಾಟುವ ಕಡೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಇರಬೇಕು. ಇಲ್ಲದಿದ್ದರೆ ಅದುರಿ ಅದುರಿ ಸಿಪ್ಪೆ ಸವೆದು ಶಾರ್ಟ್ ಆಗುತ್ತದೆ. ಗಾಡಿ ವೈರಿಂಗ್ ಬೇರೆ, ಮನೆ ವೈರಿಂಗ್ ಬೇರೆ. ಈ ವಿಷಯದಲ್ಲಿ ದೊಡ್ಡವರು ಮುಂದಿದ್ದಾರೆ, ಒಪ್ಪಲೇಬೇಕು. ಅವರ ಹತ್ತಿರ ಡಯಾಗ್ರಾಮ್ ಇರುತ್ತದೆ, ಪ್ರತಿ ವೈರಿಗೂ ನಂಬರ್ ಇರುತ್ತದೆ. ಸಣ್ಣ ಕಡೆ ಎಲ್ಲ ಒಬ್ಬ ಎಲೆಕ್ಟ್ರಿಷಿಯನ್ ತಲೆಯಲ್ಲಿರುತ್ತದೆ. ಅವನು ಕೆಲಸ ಬಿಟ್ಟು ಊರಿಗೆ ಹೋದರೆ ಮುಗೀತು. ಹಾಗಾಗಿ ಸಣ್ಣವರಿಗೆ ಆರ್ಡರ್ ಕೊಟ್ಟರೆ ವೈರಿಂಗ್ ಡಯಾಗ್ರಾಮ್, ಪೈಪ್ ಹೋಗಿರುವ ದಾರಿಯ ಡ್ರಾಯಿಂಗ್, ಒಳಗೋಡೆ ಮುಚ್ಚುವ ಮೊದಲಿನ ಫೋಟೋಗಳು, ಈ ಮೂರನ್ನೂ ಒಪ್ಪಂದದಲ್ಲೇ ಬರೆಸಿ.

ಇಷ್ಟೆಲ್ಲ ಹೇಳಿ ನಾನು ಸಣ್ಣವರ ಕಡೆ ವಾಲುವುದಕ್ಕೆ ಕಾರಣ ರಿಪೇರಿ. ಕ್ಯಾರವಾನ್ ರಸ್ತೆಯಲ್ಲಿ ಓಡುವ ಮನೆ. ಪಂಪು ಕೆಡುತ್ತದೆ, ಕಿಟಕಿ ಸೋರುತ್ತದೆ, ಬಾಗಿಲ ಚಿಲಕ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಮೇಲಿನಿಂದ ನೀರು ಬಂತು ಎಂದು ಗಾಡಿಯನ್ನು ಪುಣೆಗೋ ಮೊಹಾಲಿಗೋ ಕಳಿಸುತ್ತೀರಾ? ಪೀಣ್ಯದವರಾದರೆ ಶನಿವಾರ ಬೆಳಿಗ್ಗೆ ತಂದು ನಿಲ್ಲಿಸಬಹುದು. ಪಂಪೋ ಸ್ವಿಚ್ಚೋ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಅವತ್ತೇ ಸಿಗುತ್ತದೆ. ಕಟ್ಟುವಾಗಲೂ ವಾರಕ್ಕೊಮ್ಮೆ ಹೋಗಿ ನೋಡಬಹುದು. ನಿಮ್ಮ ತಾಯಿಗೆ ಮಂಡಿನೋವು ಎಂದು ಬರೆದಿದ್ದೀರಿ, ಮೆಟ್ಟಿಲಿನ ಎತ್ತರ, ಟಾಯ್ಲೆಟ್ ಹಿಡಿಕೆ ಎಲ್ಲಿರಬೇಕು ಎನ್ನುವುದನ್ನು ಅವರನ್ನೇ ಕರೆದುಕೊಂಡು ಹೋಗಿ ಅಳತೆ ನೋಡಿ ಮಾಡಿಸಬಹುದು. ಇದನ್ನು ಯಾವ ಕ್ಯಾಟಲಾಗೂ ಕೊಡುವುದಿಲ್ಲ.

ಹಣ ಮಾತ್ರ ಒಂದೇ ಸಲ ಕೊಡಬೇಡಿ. ಫ್ರೇಮ್ ಆದಾಗ ಒಂದು ಕಂತು, ವೈರಿಂಗ್ ಪ್ಲಂಬಿಂಗ್ ನೋಡಿದ ಮೇಲೆ ಒಂದು. ಕೊನೆಯ ದೊಡ್ಡ ಕಂತು ಮೂರು ಕೆಲಸ ಆದ ಮೇಲೆ: ಮೇಲೆ, ಪಕ್ಕ, ಕಿಟಕಿ ಸುತ್ತ ಪೈಪಿನಲ್ಲಿ ಚೆನ್ನಾಗಿ ನೀರು ಬಿಟ್ಟು ಒಳಗೆ ನೀರು ಬಂದಿಲ್ಲವಾ ನೋಡಿ, ಟ್ಯಾಂಕ್ ತುಂಬಿಸಿ ವೇಬ್ರಿಡ್ಜ್‌ನಲ್ಲಿ (ಗಾಡಿ ತೂಗುವ ಕಾಟಾ) ಮೊದಲು ಮುಂದಿನ ಚಕ್ರ ಮಾತ್ರ, ಆಮೇಲೆ ಪೂರ್ತಿ ಗಾಡಿ ತೂಗಿಸಿ ಚೀಟಿ ತೆಗೆದುಕೊಳ್ಳಿ, ಆರ್‌ಸಿ ಕೈಗೆ ಬರಲಿ. ಈ ಷರತ್ತಿಗೆ ಆ ವರ್ಕ್‌ಶಾಪ್ ಒಪ್ಪದಿದ್ದರೆ ದೊಡ್ಡ ಕಂಪನಿಗೇ ಹೋಗಿ, ಜಾಸ್ತಿ ಹಣ ಆದರೂ ಪರವಾಗಿಲ್ಲ. ವರ್ಕ್‌ಶಾಪಿನವರು ಕೊಟ್ಟ ಡ್ರಾಯಿಂಗ್ ಮತ್ತು ಚಾಸಿ ಮಾಡೆಲ್ ಇಲ್ಲಿ ಹಾಕಿದರೆ ತೂಕದ ಲೆಕ್ಕ ನಾನು ಮಾಡಿ ಹೇಳುತ್ತೇನೆ.