ಟಿಎಕ್ಸ್‌ಟಿ ರೆಕಾರ್ಡ್ ಹಾಕಿದರೂ ವೆರಿಫೈ ಆಗದಿದ್ದರೆ
ಗೂಗಲ್ ಸರ್ಚ್ ಕನ್ಸೋಲ್‌ಗಾಗಿ (ನಿಮ್ಮ ಸೈಟ್ ಗೂಗಲ್ ಹುಡುಕಾಟದಲ್ಲಿ ಹೇಗಿದೆ ಅಂತ ತೋರಿಸೋ ಸೇವೆ) ಟಿಎಕ್ಸ್‌ಟಿ ರೆಕಾರ್ಡ್, ಅಂದರೆ ಡೊಮೈನ್ ನಿಮ್ಮದೇ ಅಂತ ತೋರಿಸಲು ಗೂಗಲ್ ಕೊಟ್ಟ ಕೋಡ್ ಇರೋ ಸಾಲು, ಹಾಕಿ ಎರಡು ದಿನವಾದರೂ ಡೊಮೈನ್ (ಸೈಟ್‌ನ ವಿಳಾಸ) ವೆರಿಫೈ ಆಗಿಲ್ಲ ಅಂದಿದ್ದೀರಿ, ಅಲ್ವಾ? ಮೊದಲು ಆ ರೆಕಾರ್ಡ್‌ನಲ್ಲಿ ಹೋಸ್ಟ್ ಅನ್ನೋ ಜಾಗ ನೋಡಿ. ಅಲ್ಲಿ ಪೂರ್ತಿ ಡೊಮೈನ್ ಹೆಸರು ಬರೆದಿದ್ದರೆ ಅಳಿಸಿ, ಬರೀ @ ಹಾಕಿ (ಅಂದರೆ ಆ ಡೊಮೈನೇ ಅಂತ). ಎಷ್ಟೋ ಡಿಎನ್‌ಎಸ್ ಪುಟಗಳು (ಡೊಮೈನ್‌ನ ರೆಕಾರ್ಡ್‌ಗಳನ್ನು ಹಾಕೋ ಪುಟಗಳು) ಡೊಮೈನ್ ಹೆಸರನ್ನು ತಾವೇ ಕೊನೆಗೆ ಸೇರಿಸುತ್ತವೆ. ಆಗ ಹೆಸರು ಎರಡು ಸಲ ಬಂದು ರೆಕಾರ್ಡ್ ಬೇರೆಲ್ಲೋ ಕೂರುತ್ತದೆ. ನನಗೂ ಹೀಗೇ ಆಗಿತ್ತು, ಸುಮ್ನೆ ಕಾಯುತ್ತಾ ಕೂತಿದ್ದೆ.

ಅದು ಸರಿಯಿದ್ದರೆ ನೇಮ್‌ಸರ್ವರ್ (ಡೊಮೈನ್‌ನ ರೆಕಾರ್ಡ್‌ಗಳನ್ನು ಇಟ್ಟುಕೊಂಡು ಕೇಳಿದವರಿಗೆ ಉತ್ತರ ಕೊಡೋ ಸರ್ವರ್) ನೋಡಿ. ಡೊಮೈನ್ ಕೊಂಡ ಕಡೆಯಲ್ಲ, ನೇಮ್‌ಸರ್ವರ್ ಯಾರ ಹತ್ತಿರ ಇದೆಯೋ ಅಲ್ಲೇ ರೆಕಾರ್ಡ್ ಹಾಕಬೇಕು. ಆಮೇಲೆ ಎನ್‌ಎಸ್‌ಲುಕಪ್‌ನಲ್ಲಿ (ಡೊಮೈನ್‌ನ ರೆಕಾರ್ಡ್‌ಗಳನ್ನು ಹುಡುಕಿ ತೋರಿಸೋ ಕಮಾಂಡ್) ನಿಮ್ಮ ಡೊಮೈನ್‌ನ ಟಿಎಕ್ಸ್‌ಟಿ ಕೇಳಿ ನೋಡಿ. ನಿಮ್ಮ ಕೋಡ್ ಅಲ್ಲಿ ಕಂಡ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ ವೆರಿಫೈ ಒತ್ತಿ. ಟಿಟಿಎಲ್ (ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬೇಕು ಅನ್ನೋ ಸಂಖ್ಯೆ) 3600 ಇದ್ದರೆ ಹಳೆಯ ಉತ್ತರ ಒಂದು ಗಂಟೆ ಉಳಿಯಬಹುದು, ಗಾಬರಿ ಬೇಡ.

ವೆರಿಫೈ ಆದಮೇಲೂ ದಯವಿಟ್ಟು ಆ ರೆಕಾರ್ಡ್ ಅಳಿಸಬೇಡಿ. ಗೂಗಲ್ ಆಗಾಗ ಮತ್ತೆ ನೋಡುತ್ತದೆ.