ದೀಪ ಹಿಡಿದವನು ನುಗ್ಗುವುದಿಲ್ಲ

ಪ್ರಿಯ ಲೇಖಕರೇ,

ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಕೊನೆಯ ದೃಶ್ಯ, ಅಂದರೆ ಒಥೆಲೊ ಹೆಂಡತಿಯನ್ನು ಕೊಲ್ಲುವ ದೃಶ್ಯದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ. ಬಸವಪ್ಪ ಶಾಸ್ತ್ರಿಗಳು ಈ ನಾಟಕವನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ತಂದದ್ದನ್ನು ನೆನೆಸಿಕೊಂಡಿದ್ದೂ ಸಂತೋಷ. ಆದರೆ ಹೀಗೇ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಮೊದಲ ವಾಕ್ಯ: “ಅಸೂಯೆಯ ಬೆಂಕಿಯಲ್ಲಿ ಬೇಯುತ್ತ ಒಥೆಲೊ ಹೆಂಡತಿಯ ಕೋಣೆಗೆ ನುಗ್ಗುತ್ತಾನೆ.”

ನುಗ್ಗುತ್ತಾನಾ? 1622ರಲ್ಲಿ ಅಚ್ಚಾದ ಪ್ರತಿಯ ರಂಗಸೂಚನೆ ನೋಡಿ. ಒಥೆಲೊ ದೀಪ ಹಿಡಿದು ಬರುತ್ತಾನೆ, ಅಷ್ಟೇ. ಹೆಂಡತಿ ಡೆಸ್ಡಿಮೋನಾ ನಿದ್ದೆಯಲ್ಲಿದ್ದಾಳೆ. ಅವನು ಕೂಗಾಡುವುದಿಲ್ಲ. ಇದಕ್ಕೆ ಕಾರಣವಿದೆ, ಕಾರಣವಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಕೈಯಲ್ಲಿರುವ ದೀಪವನ್ನು ಆರಿಸಿದರೆ ಮತ್ತೆ ಹಚ್ಚಬಹುದು, ಇವಳನ್ನು ಆರಿಸಿದರೆ ಹಚ್ಚುವ ಬೆಂಕಿ ಎಲ್ಲಿದೆ ಎಂದು ಯೋಚಿಸುತ್ತಾನೆ. ಬಗ್ಗಿ ಮುತ್ತಿಡುತ್ತಾನೆ, ಮತ್ತೆ ಇಡುತ್ತಾನೆ. ಆ ಮುತ್ತುಗಳನ್ನು ನೀವು ಪೂರ್ತಿ ಬಿಟ್ಟೇಬಿಟ್ಟಿದ್ದೀರಿ. ನುಗ್ಗಿ ಬಂದವನಿಗೆ ಮುತ್ತಿಡುವ ಪುರಸೊತ್ತು ಎಲ್ಲಿರುತ್ತದೆ, ಅಲ್ವಾ?

ಇನ್ನು ‘ಅಸೂಯೆ’. ಆರು ಪುಟದಲ್ಲಿ 17 ಸಲ ಇದೆ, ಸುಮ್ನೆ ಕೂತು ಎಣಿಸಿದೆ. ಇಂಗ್ಲಿಷಿನ ಒಂದೇ ಪದವನ್ನು ಎತ್ತಿ ತಂದು ಎಲ್ಲರಿಗೂ ಹಚ್ಚಿದ್ದೀರಿ. ಜೊತೆಯವನಿಗೆ ಬಡ್ತಿ ಸಿಕ್ಕರೆ ಆಗುವುದು ಹೊಟ್ಟೆಕಿಚ್ಚು. ಅದು ಒಥೆಲೊನ ಕೈಕೆಳಗಿನ ಇಯಾಗೊನದು, ಅವನು ಬಯಸಿದ ಹುದ್ದೆ ಕ್ಯಾಸಿಯೊ ಪಾಲಾಯಿತಲ್ಲ. ಹೆಂಡತಿಯ ಮೇಲೆ ಬರುವುದು ಸಂಶಯ. ಕೊನೆಯ ದೃಶ್ಯದ ಹೊತ್ತಿಗೆ ಒಥೆಲೊನಲ್ಲಿ ಆ ಸಂಶಯವೂ ಉಳಿದಿಲ್ಲ. ಅವಳಿಗೂ ಕ್ಯಾಸಿಯೊಗೂ ಸಂಬಂಧವಿದೆ ಎಂಬ ಇಯಾಗೊನ ಸುಳ್ಳು ಅವನಿಗೆ ಖಾತ್ರಿಯಾಗಿಬಿಟ್ಟಿದೆ. ತಾನು ನ್ಯಾಯ ತೀರಿಸುತ್ತಿದ್ದೇನೆ ಅಂದುಕೊಂಡಿದ್ದಾನೆ. ಅದಕ್ಕೇ ಮೆತ್ತಗೆ ಬರುತ್ತಾನೆ, ಪ್ರಾರ್ಥನೆ ಮಾಡಿಕೊಂಡೆಯಾ ಎಂದು ಕೇಳುತ್ತಾನೆ. ಸಿಟ್ಟು ನೆತ್ತಿಗೇರುವುದು ಕ್ಯಾಸಿಯೊ ಸತ್ತನೆಂದು ತಿಳಿದು ಅವಳು ಅತ್ತಾಗ. ಆಮೇಲೆ ಅರ್ಧ ಗಂಟೆ ಕೊಡು ಎಂದು ಬೇಡಿದರೂ ಕೊಡುವುದಿಲ್ಲ. ದೃಶ್ಯ ತಿರುಗುವ ಜಾಗ ಅದು. ನಿಮ್ಮ ಒಥೆಲೊ ಮೊದಲ ಸಾಲಿನಲ್ಲೇ ಬೆಂದುಹೋಗಿರುವುದರಿಂದ ಅದು ನಿಮಗೆ ಕಾಣಿಸಲೇ ಇಲ್ಲ.

ಇಷ್ಟು ಜೋರು ಮಾಡುತ್ತಿದ್ದೇನಲ್ಲ, ನಾನೂ ಇದೇ ತಪ್ಪು ಮಾಡಿದವನೇ. ಇಪ್ಪತ್ತೆರಡು ವರ್ಷದವನಿದ್ದಾಗ ಒಂದು ಹವ್ಯಾಸಿ ತಂಡದಲ್ಲಿ ಪ್ರಾಂಪ್ಟರ್ ಆಗಿದ್ದೆ. ಇದೇ ನಾಟಕ. ಕರಪತ್ರ ಬರೆದವನೂ ನಾನೇ, ಅದರಲ್ಲಿ “ಅಸೂಯೆಯ ಜ್ವಾಲೆ” ಇತ್ತು! ಮೇಣದಬತ್ತಿ ಹಚ್ಚಿ ಸೈಡ್ ವಿಂಗಿನಲ್ಲಿ ನಟನ ಕೈಗೆ ಕೊಡುವುದೂ ನನ್ನ ಕೆಲಸ. ಮೊದಲ ಪ್ರದರ್ಶನದಲ್ಲಿ ಆತ ಕಣ್ಣು ಕೆಂಪಗೆ ಮಾಡಿಕೊಂಡು ದಡದಡ ಒಳಗೆ ಹೋದ. ನಾಲ್ಕು ಹೆಜ್ಜೆಗೆ ಬತ್ತಿ ಆರಿಹೋಯಿತು. ಹೊಗೆ ಮಾತ್ರ ಉಳಿಯಿತು. ಆರಿದ ಬತ್ತಿ ಹಿಡಿದು “ಈ ದೀಪ ಆರಿಸಲೇ” ಎಂದಾಗ ಹಿಂದಿನ ಸಾಲಿನಿಂದ ಒಬ್ಬರು ನಕ್ಕರು. ಆಮೇಲೆ ಎಲ್ಲರೂ. ಮಾರನೆಯ ದಿನ ನಿರ್ದೇಶಕರು ಬತ್ತಿಯನ್ನು ನನ್ನ ಕೈಗೆ ಕೊಟ್ಟು, “ನಡೆದು ತೋರಿಸಯ್ಯಾ, ಜ್ವಾಲೆ ಬರೆದವನು ನೀನಲ್ವಾ” ಎಂದರು. ಒಂದು ಕೈ ಅಡ್ಡ ಹಿಡಿದು, ಉಸಿರು ಬಿಗಿಹಿಡಿದು ನಡೆದೆ. ಅವತ್ತು ಆ ಸ್ವಗತ ಯಾಕೆ ಅಷ್ಟು ನಿಧಾನ ಅಂತ ಗೊತ್ತಾಯಿತು.

ನನಗೆ ಕೋಪವೇ ಬಂದದ್ದು ನಾಲ್ಕನೇ ಪುಟದಲ್ಲಿ. “ಅಷ್ಟರಲ್ಲಿ ದಾಸಿ ಎಮಿಲಿಯಾ ಬಂದು ನಿಜಾಂಶವನ್ನು ತಿಳಿಸುತ್ತಾಳೆ.” ಒಂದೇ ವಾಕ್ಯ. ಅವಳು ದಾಸಿಯಲ್ಲ, ಡೆಸ್ಡಿಮೋನಾಳ ಸಖಿ. ಇಯಾಗೊನ ಹೆಂಡತಿ. ನಿಜ ತಿಳಿದುಕೊಂಡು ಬಂದವಳೂ ಅಲ್ಲ, ನಮ್ಮ ಕಣ್ಣೆದುರೇ ಅವಳಿಗೆ ತಿಳಿಯುತ್ತದೆ. ನಿನ್ನ ಗಂಡನಿಗೆ ಎಲ್ಲಾ ಗೊತ್ತು ಎನ್ನುತ್ತಾನೆ ಒಥೆಲೊ. “ನನ್ನ ಗಂಡ?” ಮತ್ತೆ, “ನನ್ನ ಗಂಡ?” ಮೂರನೇ ಸಲಕ್ಕೆ ಒಥೆಲೊ, ಅದನ್ನೇ ಎಷ್ಟು ಸಲ ಕೇಳುತ್ತೀಯ ಎಂದು ರೇಗುತ್ತಾನೆ. ಈ ಎರಡು ಪದವನ್ನು ಮೂರು ಬೇರೆ ದನಿಯಲ್ಲಿ ಗಟ್ಟಿಯಾಗಿ ಓದಿ ನೋಡಿ. ಇಯಾಗೊ ಸುಳ್ಳಿಗೆ ಸಾಕ್ಷಿಯಾಗಿ ಬಳಸಿದ ಡೆಸ್ಡಿಮೋನಾಳ ಕರವಸ್ತ್ರವನ್ನು ಎತ್ತಿಕೊಂಡು ಗಂಡನಿಗೆ ಕೊಟ್ಟವಳು ಅವಳೇ. ಎಲ್ಲಿ ಹೋಯಿತು ಎಂದು ಒಡತಿ ಕೇಳಿದಾಗ ಗೊತ್ತಿಲ್ಲ ಎಂದವಳೂ ಅವಳೇ. ಈಗ ಗಂಡ ಕತ್ತಿ ಎಳೆದರೂ ಬಾಯಿ ಮುಚ್ಚುವುದಿಲ್ಲ. ಗಂಡನ ಮಾತು ಕೇಳುವುದು ಸರಿ, ಆದರೆ ಈಗಲ್ಲ ಎನ್ನುತ್ತಾಳೆ. ಹೇಳಿಮುಗಿಸಿ ಅವನ ಕೈಯಲ್ಲೇ ಸಾಯುತ್ತಾಳೆ. ಇದಕ್ಕೆ ನೀವು ಕೊಟ್ಟದ್ದು “ನಿಜಾಂಶವನ್ನು ತಿಳಿಸುತ್ತಾಳೆ”!

ಉಳಿದದ್ದರ ಬಗ್ಗೆ ಏನೂ ಹೇಳುವುದಿಲ್ಲ. ಈ ಎರಡು ಕಡೆ ಮತ್ತೆ ಬರೆಯಿರಿ, ಮುಂದಿನ ತಿಂಗಳು 10ರೊಳಗೆ ಕಳಿಸಿ. ಜಾಗ ಬೇಕಾದರೆ ಇಯಾಗೊನ ಮನಸ್ಸಿನ ಬಗ್ಗೆ ಇರುವ ಎರಡು ಪುಟ ತೆಗೆದುಹಾಕಿ. ಇನ್ನು ಒಂದು ಮಾತೂ ಆಡುವುದಿಲ್ಲ ಎಂದು ಅವನೇ ಹೇಳಿ ಸುಮ್ಮನಾಗಿದ್ದಾನೆ.

ವಿಶ್ವಾಸದಿಂದ,
ಸಂಪಾದಕ